ಚಿತ್ರದ ಬೆನ್ನಿಗೆ ಬರೆದದ್ದು

ನಮ್ಮೂರ ಹೆಸರಿನ ಊರು ಇನ್ನೂ ಎಷ್ಟೋ ಇವೆ.
ಶಹಾಪುರ ಅಂತ ಹುಡುಕಿದರೆ
ಮೊದಲು ಠಾಣೆ ಕಡೆಯದು, ರೆಸಾರ್ಟುಗಳ ಸಮೇತ;
ಆಮೇಲೆ ಬೆಳಗಾವಿಯದು, ಸೀರೆ ಹೊದ್ದುಕೊಂಡು;
ಏಳನೆಯ ಪುಟದಲ್ಲಿ,
ಬಸ್ಸು ತಪ್ಪಿಸಿಕೊಂಡವರ ಹಾಗೆ,
ನಮ್ಮ ಕಾಲೇಜು.

“ಮೊದಲ ಪುಟದಾಗ ಬರಬೇಕು ನೋಡ್ರಿ,” ಅಂದರು ಪ್ರಿನ್ಸಿಪಾಲರು,
“ಬ್ಯಾಸಗಿ ಮುಗಿಯೂದ್ರಾಗ.”
ಅಧ್ಯಕ್ಷರ ಅಳಿಯನ ಉಪಾಯ ಬೇರೆ:
‘ಜಿಲ್ಲೆಗೇ ನಂಬರ್ ಒನ್’ ಅಂತ ನಲವತ್ತು ಸಲ
ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ ತುಂಬಿಬಿಡಿ,
ಮನುಷ್ಯರಿಗೆ ಕಾಣೂದಿಲ್ಲ, ಮಷಿನ್ನಿಗೆ ಕಾಣ್ತದ.

ಕಲಬುರಗಿಯಿಂದ ಬಂದ ಹುಡುಗ ನಕ್ಕ.
ಚಹಾ ಆರುವಷ್ಟರಲ್ಲಿ ಹೇಳಿ ಹೋದ:
ಬಚ್ಚಿಟ್ಟರೆ ಗೂಗಲ್ಲು ಹಿಡೀತದ.
ಕೊಂಡಿ ಕಡಿದು ಹೋಗದಂಗ ನೋಡು, ಪುಟ ಲಗೂನ ತೆರೀಲಿ,
ಊರಿನ ಹೆಸರು ಜನ ಅಂದಂಗೆಲ್ಲ ಬರಿ,
ಪ್ರತಿ ಚಿತ್ರದ ಬೆನ್ನಿಗೂ ಒಂದು ಸಾಲು ಹಾಕು ಅಕ್ಕಾ,
ಅದಕ್ಕ ಕಣ್ಣಿಲ್ಲ, ಓದೂದಷ್ಟೇ ಗೊತ್ತು.

ನಾನು ಇಲ್ಲಿ ಹನ್ನೊಂದು ತಿಂಗಳಿಗೊಮ್ಮೆ ಸೇರುವವಳು.
ಈಗ ಆರನೇ ಸಲ ಹೊಸಬಳು.
ಕರೆಂಟು ಬಂದ ಹೊತ್ತಿಗೆ
ಜನ ಏನೇನು ಕೇಳಿಕೊಂಡು ಬಂದರೆಂದು ಪಟ್ಟಿ ತೆಗೆದೆ.
‘ಸರ್ವತೋಮುಖ ಬೆಳವಣಿಗೆ’ ಅಂತ ಒಬ್ಬರೂ ಹುಡುಕಿರಲಿಲ್ಲ.
ಹುಡುಕಿದ್ದು:
ಶಾಪೂರ ಡಿಗ್ರಿ ಕಾಲೇಜ ಫೀಸ ಎಷ್ಟು
ಹಾಸ್ಟೆಲ್ ಬಾಗಲಿಗೆ ಚಿಲಕ ಅದ ಏನು
ಸಗರದಿಂದ ಮುಂಜಾನಿ ಬಸ್ಸು
ಒಂದು ಸಬ್ಜೆಕ್ಟ್ ಹೋದ್ರ ಸೀಟ ಕೊಡ್ತಾರಾ
ಮದುವಿ ಆದಮ್ಯಾಲ ಬಿ.ಎ. ಓದಬಹುದಾ.
ಈ ಕೊನೆಯದು ರಾತ್ರಿ ಒಂದೂ ನಲವತ್ತಕ್ಕೆ, ಮೂರು ಸಲ,
ಮೂರು ಸಲವೂ ಕಾಗುಣಿತ ಬೇರೆ.

ನಮ್ಮಲ್ಲಿ ಇದ್ದದ್ದು ಅಧ್ಯಕ್ಷರ ಸಂದೇಶ.

ಫೀಸು ಬರೆದೆ. ಬಸ್ಸಿನ ಹೊತ್ತು ಬರೆದೆ.
ಮದುವೆಯ ಪ್ರಶ್ನೆಗೆ ‘ಓದಬಹುದು’ ಅಂತ ಒಂದೇ ಮಾತು ಬರೆದು
ಬಹಳ ಹೊತ್ತು ಸುಮ್ಮನೆ ಕೂತೆ.
ಕೆಳಗೆ ಕೌಂಟರಿನ ನಂಬರು ಹಾಕಿದೆ.

ಆಮೇಲೆ ಚಿತ್ರಗಳು.
ಗುಡ್ಡದ ಮುಂದೆ ಕಾಲೇಜು:
‘ಮಲಗಿದ ಬುದ್ಧನಂಥ ಗುಡ್ಡ. ನಮ್ಮ ನೀರಿನ ಟಾಕಿ ಅಡ್ಡ ಬಂದು ಗದ್ದ ಕಾಣುವುದಿಲ್ಲ.’
ಪ್ರಯೋಗಶಾಲೆ:
‘ಹನ್ನೆರಡು ಸೂಕ್ಷ್ಮದರ್ಶಕ. ಎಂಟಕ್ಕೆ ಪ್ಲಾಸ್ಟಿಕ್ಕು ಇನ್ನೂ ತೆಗೆದಿಲ್ಲ.’
ಪ್ರಿನ್ಸಿಪಾಲರು:
‘ನಗಬೇಕೆನ್ನುವಷ್ಟರಲ್ಲಿ ಫೋಟೊ ಮುಗಿದಿತ್ತು.’
ಗ್ರಂಥಾಲಯ:
‘ಮೂರನೇ ಕಿಟಕಿಗೆ ಗಾಜಿಲ್ಲ. ಗಾಳಿ ಬರುವುದು ಅಲ್ಲೇ,
ಆ ಬೆಂಚಿಗಾಗಿ ಹುಡುಗಿಯರು ದಿನಾ ಜಗಳ.’
ಚಿತ್ರ ಕಂಡವರಿಗೆ ಈ ಸಾಲು ಕಾಣುವುದಿಲ್ಲ;
ಕೌದಿಯ ಒಳಪದರಿಗೆ ಹೊಲಿದ
ಅವ್ವನ ಹಳೇ ಸೀರೆಯ ಹಾಗೆ ಒಳಗೇ ಇರುತ್ತದೆ.
ಯಾರೂ ನೋಡರೆಂಬ ಧೈರ್ಯದಲ್ಲಿ
ನಿಜ ಬರೆದುಬಿಟ್ಟೆ.

ಜೂನಿಗೆ ನಾಲ್ಕನೇ ಪುಟಕ್ಕೆ ಬಂದಿದ್ದೆವು.
ಪ್ರಿನ್ಸಿಪಾಲರ ಮುಖ ಫೋಟೊದಲ್ಲಿದ್ದ ಹಾಗೇ ಇತ್ತು.
ಆಗ ಫೋನು.

“ದೋರನಹಳ್ಳಿ ಅಯ್ಯಮ್ಮ ಮಾತಾಡೂದ್ರಿ.
ನನಗ ಕಣ್ಣ ಕಾಣಂಗಿಲ್ಲ, ಫೋನೇ ಓದಿ ಹೇಳ್ತದ.
ಬ್ಯಾರೆ ಕಾಲೇಜಿನವು ಬರೇ
ಇಮೇಜ್, ಇಮೇಜ್, ಇಮೇಜ್ ಅಂತಾವ.
ಆ ಮೂರನೇ ಕಿಟಕಿ,
ಗಾಜ ಹಾಕ್ಸ್ಯಾರೇನ್ರಿ ಈಗ?”

ಇಲ್ಲ ಅಂದೆ, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ದನಿಯಲ್ಲಿ.

“ಹಾಕ್ಸಬ್ಯಾಡ್ರಿ,” ಅಂದಳು.
ಸ್ವಲ್ಪ ಹೊತ್ತು ಬಿಟ್ಟು:
“ಫೀಸ ಎರಡ ಕಂತಿನಾಗ ನಡೀತದೇನ್ರಿ?”

ಅದು ಪುಟದಲ್ಲಿರಲಿಲ್ಲ.
ಬರೆದುಕೊಂಡೆ.