ಆನೆಯಿಲ್ಲದ ಹೊತ್ತು

ಇವರ ಕೈಗಡಿಯಾರ ನನ್ನ ಫೋನಿಗೆ ಚಾಡಿ ಹೇಳುತ್ತದೆ.
ಸಿದ್ದಾಪುರದಲ್ಲಿ ಕಂತಿಗೆ ತಂದದ್ದು,
ಇನ್ನೂ ಮೂರು ಕಂತು ಬಾಕಿ.

ರಾತ್ರಿ ಎರಡು ನಲವತ್ತು, ಮಾಲ್ದಾರೆ ಕಡೆಯ ತೋಟ:
'ನೀವು ವಿಶ್ರಾಂತಿಯಲ್ಲಿದ್ದಂತಿದೆ.
ಹೃದಯ ಬಡಿತ ನೂರ ನಲವತ್ತೊಂದು.'

ವಿಶ್ರಾಂತಿಯಂತೆ!
ರೊಬಸ್ಟಾ ಗಿಡದ ಹಿಂದೆ ಉಸಿರು ಹಿಡಿದು ನಿಂತಿದ್ದರು,
ಹತ್ತು ಮಾರು ಆಚೆ
ಹಲಸಿನಕಾಯಿ ಸೀಳುವ ಸದ್ದು.
ಪಟಾಕಿ ಇಲಾಖೆಯ ಜೀಪಿನಲ್ಲೇ ಉಳಿದಿತ್ತು.
ಬೆಳಿಗ್ಗೆ ಬೂಟು ಬಿಚ್ಚುತ್ತಾ ನಕ್ಕರು:
'ನಿನ್ನ ಗಡಿಯಾರಕ್ಕೆ ಆನೆ ಕಾಣುವುದಿಲ್ಲ ಮಾರಾಯ್ತಿ.'

ಅಂದಿನಿಂದ ಕ್ಯಾಲೆಂಡರಿನ ಹಿಂಬದಿಯಲ್ಲಿ
ಬರೆದಿಡುತ್ತೇನೆ: ಬಡಿತ, ಪಕ್ಕದಲ್ಲಿ ಕಾರಣ.
ನೂರ ಇಪ್ಪತ್ತೆಂಟು, ಮರಿಯಿದ್ದ ಹಿಂಡು.
ನೂರ ಮೂವತ್ತು, ಒಂಟಿ ಸಲಗ, ಶಾಲೆಯ ಗೇಟಿನ ಹತ್ತಿರ.
ನೂರ ಹತ್ತು, ರೇಂಜರ್ ಸಾಹೇಬರ ಫೋನು.

ಭಾನುವಾರ ಸಂಜೆ ನಾಲ್ಕು.
ಜಗಲಿಯಲ್ಲಿ ಕಾಲು ಚಾಚಿ
ಬೆಲ್ಲದ ಕಾಫಿ ಆರಿಸುತ್ತಾ ಕೂತಿದ್ದರು.
ಒಳಗೆ ನನ್ನ ಫೋನು ನಡುಗಿತು: ನೂರ ಮೂವತ್ತೆಂಟು.
ಲಯ ತಪ್ಪಿದೆ ಅಂತಲೂ ಇತ್ತು.

ಹೊರಗೆ ಬಂದು ನೋಡಿದೆ.
ತೋಟದ ಕಡೆ ಒಂದು ಎಲೆ ಅಲುಗಲಿಲ್ಲ.
'ಏನು?' ಎಂದರು.
'ಏನಿಲ್ಲ, ಕೈ ಕೊಡಿ.'
ಗಡಿಯಾರದ ಪಟ್ಟಿ ಸರಿಸಿ ಬೆರಳಿಟ್ಟೆ.
ಎರಡು. ಆಮೇಲೆ ಇಲ್ಲ. ಆಮೇಲೆ ಮೂರು ಒಟ್ಟಿಗೆ,
ಹಿಂಡು ರಸ್ತೆ ದಾಟುವಾಗ
ಒಂದು ನಿಂತು, ಉಳಿದವು ನುಗ್ಗಿದ ಹಾಗೆ.

ವಿರಾಜಪೇಟೆಯ ಡಾಕ್ಟರು ಕ್ಯಾಲೆಂಡರು ಮಗುಚಿ ಓದಿದರು.
ಆನೆಗಳನ್ನೆಲ್ಲ ದಾಟಿ,
ಕಾರಣದ ಜಾಗ ನಾನು ಖಾಲಿ ಬಿಟ್ಟಿದ್ದ ಸಾಲಿನ ಮೇಲೆ
ಪೆನ್ನು ನಿಲ್ಲಿಸಿದರು.
'ಇದು ಯಾವಾಗ?'