ಗೊತ್ತಿಲ್ಲ

ಮತೊಸಿನ್ಯೋಸಿನ ಮೀನು ಡಬ್ಬಿ ಕಾರ್ಖಾನೆಯಲ್ಲಿ
ಒಂಬತ್ತಕ್ಕೊಂದು ಮುಚ್ಚಳ ಸೊಟ್ಟ.
ಇಪ್ಪತ್ತಾರು ವರ್ಷದಿಂದ ಎಲ್ಲ ಬಲ್ಲ
ಮೇಸ್ತ್ರಿ ದಿಯೊಲಿಂದಾ
ಏಪ್ರನ್ನಿಗೆ ಕೈ ಒರೆಸಿಕೊಂಡು ಅಂದಳು:
"ನನಗೆ ಗೊತ್ತಿಲ್ಲ."

ಯಂತ್ರವೂ ಒಂದು ಗಳಿಗೆ ಕಿವಿಗೊಟ್ಟಂತಿತ್ತು.

ನೆಲ ಒರೆಸುವ ಜೆಫೆರಿನೊ,
ಮಾತನ್ನು ಉಪ್ಪಿನಂತೆ ಚಿಟಿಕೆಯಲ್ಲಿ ಬಳಸುವವನು,
"ಬೆಲ್ಟು ಒದ್ದೆಯೇನೋ?" ಅಂದ.
ಒದ್ದೆಯಿರಲಿಲ್ಲ. ಯಾರೂ ನಗಲಿಲ್ಲ.
ನಗಲಿಲ್ಲವಲ್ಲ, ಅದಕ್ಕೇ
ಫೆಲಿಸ್ಬೆಲಾ ಬಾಯಿಬಿಟ್ಟಳು. ಅದೂ ತಪ್ಪು.
ಆಮೇಲೆ ಸಂತೆ!
ಸಾರ್ಡೀನಿನ ಎಣ್ಣೆ ಮೆತ್ತಿದ ಕೈಗಳು
ಸೀಮೆಸುಣ್ಣ ಹಿಡಿದು ನೆಲದ ಮೇಲೇ ಗೀಚಿದವು,
ಅಳಿಸಿದವು, ಅಳಿಸಿದ್ದರ ಮೇಲೆ ಗೀಚಿದವು.

ಗುರುವಾರ ಮುಚ್ಚಳ ನೆಟ್ಟಗೆ ಕೂತಿತು.
"ಯಾರ ಉಪಾಯ?" ಮಾಲೀಕ ಕೇಳಿದ.
ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಜೆಫೆರಿನೊ
ಆ ಮೂಲೆಯೊಂದನ್ನು ಇನ್ನೂ ಒರೆಸಿಲ್ಲ.