ದಾರಂದದ ಅಳತೆ

ಹೈಕೋರ್ಟಿನ ಬೆನ್ನಿಗೆ, ಝೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ
ನನ್ನ ಮೇಜು. ಪುಟಕ್ಕೆ ಇಪ್ಪತ್ತು ರೂಪಾಯಿ.
ವರ್ಸೋವಾದ ಧುರ್ಪದಾ ತಾಂಡೇಲ್
ಗೋಣಿತಟ್ಟು ಬಿಚ್ಚಿ ಮೇಜಿನ ಮೇಲೆ ಇಟ್ಟದ್ದು
ಮನೆಯ ದಾರಂದದ ಒಂದು ಪಟ್ಟಿ, ಕಿತ್ತು ತಂದದ್ದು.

ಹದಿನಾಲ್ಕು ಗೀರು. ಮಳೆಗಾಲಕ್ಕೊಂದು.
ಉಬ್ಬರದ ನೀರು ಒಳಬಂದು ನಿಂತಷ್ಟು ಎತ್ತರಕ್ಕೆ
ಮೀನಿನ ಕತ್ತಿಯಲ್ಲಿ ಕೊರೆದ ಗೀರು.

‘ಎಣ್ಣೆ ಬಾವಿಗೆ ಕಡಲನ್ನು ಗುತ್ತಿಗೆ ಕೊಟ್ಟರಲ್ಲ,
ನಮ್ಮ ಅರ್ಜಿಗೆ ಇದೇ ಸಾಕ್ಷಿ. ಟೈಪ್ ಮಾಡು.’

ಮರವನ್ನು ಟೈಪ್ ಮಾಡುವುದು ಹೇಗೆ, ಬಾಯಿ?

ಕಂಪನಿ ವಕೀಲರ ಉತ್ತರವನ್ನು ಕಳೆದ ವಾರ
ನಾನೇ ಕುಟ್ಟಿದ್ದೆ, ಮೂರು ಪ್ರತಿ:
‘ಗುತ್ತಿಗೆ ಎಂಬುದು ಬರೀ ಕಾಗದ. ಕಾಗದಕ್ಕೆ ಹೊಗೆಯಿಲ್ಲ.
ನಾಳೆ ಯಾರೋ, ಎಲ್ಲೋ ಉರಿಸುವುದಕ್ಕೆ
ಇವತ್ತಿನ ರುಜು ಹೊಣೆಯೇ?’
ಚೆಂದದ ವಾಕ್ಯ. ಒಂದೂ ತಪ್ಪಿಲ್ಲದೆ ಬಂದಿತ್ತು.

ಚಹಾದವನ ಸಿಲಿಂಡರು ಸುಯ್ಯೆನ್ನುತ್ತಿದೆ.
ಎರಡು ಕಟಿಂಗ್ ಹೇಳಿ, ನೀಲಿ ಉರಿ ನೋಡುತ್ತಾ
‘ನಮ್ಮ ದೋಣಿಗೂ ಡೀಸೆಲ್ಲೇ’ ಅಂದಳು,
ನಾನು ಕೇಳದೆಯೇ.

ನೋಂದಣಿ ಕಿಟಕಿಯಿಂದ ಎರಡು ಸಲ ಮರ ವಾಪಸು:
ಅಳತೆ ನಿಯಮದಂತಿಲ್ಲ. ಅಂಚು ಬಿಟ್ಟಿಲ್ಲ.

ಕೊನೆಗೆ ಸ್ಕೇಲು ಹಿಡಿದು ಕೂತೆವು.
ಅವಳು ಗೀರು ಮುಟ್ಟುವಳು, ನಾನು ಅಂಕಿ ಕುಟ್ಟುವೆ.
ಮೊದಲನೆಯದು, ಎರಡು ಬೆರಳು.
ಮಗಳ ಮದುವೆಯ ವರ್ಷದ್ದು, ಏಳು.
ಹದಿನಾಲ್ಕನೆಯದು ನನ್ನ ಸ್ಕೇಲಿಗಿಂತ ಉದ್ದ;
ಮುಗಿದಲ್ಲಿ ಹೆಬ್ಬೆರಳು ಒತ್ತಿ, ಮತ್ತೆ ಇಟ್ಟೆ.

ಎದ್ದಾಗ ಅಂಗೈಯಲ್ಲೆಲ್ಲ ಉಪ್ಪು.
ರುಜುವಿನ ಜಾಗದಲ್ಲಿ ಅದರ ಕಲೆ.
ಇನ್ನೊಂದು ಹಾಳೆ ಏರಿಸಿದೆ.
ಇದು ಲೆಕ್ಕಕ್ಕಿಲ್ಲ ಬಾಯಿ, ಕೂತಿರಿ.